ಎಡಪುಟದ ನಾಲ್ಕು ಸಾಲು

ಹೋದ ವಾರ ಯಾವುದೋ ಕೆಲಸದ ಮೇಲೆ ದೆಹಲಿಯ ಲೋಧಿ ಕಾಲೋನಿಯ ಒಳರಸ್ತೆಯಲ್ಲಿ ಆಟೋದಲ್ಲಿ ಹೋಗುತ್ತಿದ್ದೆ. ಒಂದು ಮನೆಯ ಮುಂದೆ ಕೂಲರಿಗೆ ಹೊಸ ಲಾವಂಚದ ಚಾಪೆ ಹಾಕಿ ಪೈಪಿನಲ್ಲಿ ನೀರು ಹೊಡೆಯುತ್ತಿದ್ದರು. ನೆನೆದ ಲಾವಂಚದ ವಾಸನೆ ಆಟೋದೊಳಕ್ಕೆ ಬಂತು. ಬೇರೆಯವರಿಗೆ ಅದು ತಂಪಿನ ವಾಸನೆ. ನಾನು ಮಾತ್ರ ದುಪಟ್ಟಾದಿಂದ ಮೂಗು ಮುಚ್ಚಿಕೊಂಡೆ. ನಾಲ್ಕು ವರ್ಷದ ಹಿಂದೆ, ಇದೇ ಬೀದಿಗಳಲ್ಲೊಂದರ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಇಂಥದೇ ಕೂಲರಿನ ಎದುರು ಕೂತು ನಾನೊಂದು ಸುಳ್ಳು ಹೇಳಿದ್ದೆ.

ಆಗ ನಾನು ದೆಹಲಿಯ ಒಂದು ವಿಶ್ವವಿದ್ಯಾಲಯದಲ್ಲಿ ನವ್ಯಕಾವ್ಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಜೊತೆಗೆ ಪದ್ಯವನ್ನೂ ಬರೆಯುತ್ತಿದ್ದೆ. ಎರಡನ್ನೂ ಒಟ್ಟಿಗೆ ಮಾಡುವವರನ್ನು ಎರಡೂ ಕಡೆಯವರು ನಂಬುವುದಿಲ್ಲ. ಕವಿಗಳು ನನ್ನನ್ನು ಅಡಿಟಿಪ್ಪಣಿ ಹಾಕುವವಳು ಎಂದು ನಗುತ್ತಿದ್ದರು. ಸಂಶೋಧಕರು ಕವಯಿತ್ರಿ ಬಂದರು ನೋಡಿ ಎಂದು ಜಾಗ ಬಿಡುತ್ತಿದ್ದರು. ನನ್ನ ಮಾರ್ಗದರ್ಶಕರಾಗಿದ್ದ ಹೊನ್ನಪ್ಪ ಸರ್ ಅಂತೂ ಮುಖಕ್ಕೇ ಹೇಳಿದ್ದರು: "ನೋಡು ರೇಷ್ಮಾ, ನಿನ್ನ ಪದ್ಯದಲ್ಲಿ ಸಂಶೋಧನೆ ಜಾಸ್ತಿ, ಸಂಶೋಧನೆಯಲ್ಲಿ ಪದ್ಯ ಜಾಸ್ತಿ. ಎರಡು ದೋಣಿ ಮೇಲೆ ಕಾಲಿಟ್ಟೋರು ದಡ ಸೇರಿದ್ದನ್ನ ನಾನಂತೂ ನೋಡಿಲ್ಲ."

ನಾನು ಕೋಪಿಷ್ಠೆ. ದಡ ಸೇರಿ ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನನ್ನ ಪ್ರಬಂಧದ ಕೊನೆಯ ಅಧ್ಯಾಯ ಶ್ರೀಪತಿ ಹಾಲ್ಕೆರೆ ಎಂಬ ಕವಿಯ ಮೇಲಿತ್ತು. ಹೆಸರು ಕೇಳಿದವರು ಕಡಿಮೆ. ನವ್ಯದ ಕಾಲದಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದುಕೊಂಡು, ಇಲ್ಲೇ ದೆಹಲಿಯ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಕೂತು, ಒಂದೇ ಒಂದು ತೆಳು ಸಂಕಲನ ತಂದು ಸುಮ್ಮನಾದವರು. ಆಮೇಲೆ ಅವರು ಬರೆದರೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ಅವರು ತೀರಿಕೊಂಡು ವರ್ಷಗಳಾದ ಮೇಲೆ ಅವರ ಮಗಳು ವಸುಧಾ ಆಂಟಿ ಲೋಧಿ ಕಾಲೋನಿಯಲ್ಲಿದ್ದಾರೆಂದು ನನಗೆ ಪತ್ತೆಯಾಯಿತು. ಅವರೂ ಕೇಂದ್ರ ಸರ್ಕಾರದ ನೌಕರರೇ. ಒಂಟಿ ಜೀವ. ಜುಲೈ ಕೊನೆಗೆ ನಿವೃತ್ತಿ, ಅದಾದ ಮೇಲೆ ಮನೆ ಖಾಲಿ ಮಾಡಬೇಕು. ಮಂಚದ ಕೆಳಗಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿ ಅಪ್ಪನ ಏಳು ನೋಟ್‌ಪುಸ್ತಕಗಳನ್ನು ಇಟ್ಟುಕೊಂಡಿದ್ದರು. ಒಂದಕ್ಷರ ಓದಿರಲಿಲ್ಲ. ಏಕೆಂದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

"ಹಿಂದಿ ಮೀಡಿಯಂ ನಾ ಬೇಟಾ," ಎಂದರು ಮೊದಲ ದಿನ. "ಮಾತಾಡ್ತೀನಿ ಅಷ್ಟೇ, ಅದೂ ಅರ್ಧಂಬರ್ಧ. ಅಪ್ಪನಿಗೆ ಕಲಿಸಕ್ಕೆ ಟೈಮ್ ಇರಲಿಲ್ಲ. ಟೈಮ್ ಏನು, ಮಾತೇ ಇರಲಿಲ್ಲ. ಆಫೀಸಿಂದ ಬರೋರು, ಖುರ್ಚಿ ಮೇಲೆ ಕೂರೋರು, ಬಸ್, ಅಷ್ಟೇ."

ಅವರದು ಎರಡು ಷರತ್ತು. ನೋಟ್‌ಪುಸ್ತಕ ಮನೆಯಿಂದ ಆಚೆ ಹೋಗಬಾರದು, ಫೋಟೋ ತೆಗೆಯಬಾರದು. ಫೋನಿಗೆ ಹೋದದ್ದು ಎಲ್ಲೆಲ್ಲಿಗೋ ಹೋಗುತ್ತದೆ ಎಂಬ ಭಯ ಅವರಿಗೆ. ಇನ್ನೊಂದು, ಎಲ್ಲವನ್ನೂ ಶುದ್ಧವಾಗಿ ಟೈಪು ಮಾಡಿದ ಮೇಲೆ ಅವರ ಎದುರು ಕೂತು ಒಂದೊಂದೇ ಓದಿ ಹೇಳಬೇಕು. "ತುಂಡು ತುಂಡು ಬೇಡ. ಪೂರಾ ಕೇಳಬೇಕು ನಾನು," ಎಂದರು. ನಾನು ಒಪ್ಪಿದೆ.

ಏಪ್ರಿಲ್‌ನಿಂದ ಪ್ರತಿ ಶನಿವಾರ, ಭಾನುವಾರ ಹಾಸ್ಟೆಲಿನಿಂದ ಬಸ್ಸು ಹಿಡಿದು ಬರುತ್ತಿದ್ದೆ. ದೆಹಲಿಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾದ್ದಿಲ್ಲ. ಸ್ಟಾಪಿನಿಂದ ಅವರ ಮನೆಗೆ ಏಳು ನಿಮಿಷದ ದಾರಿ, ಅಷ್ಟರಲ್ಲಿ ದುಪಟ್ಟಾ ಒಣಗಿದ ಹಪ್ಪಳದ ಹಾಗಾಗುತ್ತಿತ್ತು. ಒಳಗೆ ಬಂದರೆ ಕೂಲರಿನ ಗಡಗಡ, ಲಾವಂಚದ ವಾಸನೆ, ಒಂದು ಲೋಟ ಶಿಕಂಜಿ, ಅಂದರೆ ಇಲ್ಲಿನ ನಿಂಬೆ ಪಾನಕ. ಆಂಟಿ ತಮ್ಮ ಪಾಡಿಗೆ ಬಟ್ಟೆ ಮಡಚುತ್ತ, ತರಕಾರಿ ಹೆಚ್ಚುತ್ತ ಓಡಾಡುತ್ತಿದ್ದರು. ನಾನು ಹಾಲ್ಕೆರೆಯವರ ಇರುವೆಸಾಲಿನಂಥ ಅಕ್ಷರಗಳನ್ನು ನಕಲು ಮಾಡುತ್ತಿದ್ದೆ.

ನಕಲು ಮಾಡಲು ನನ್ನದೇ ಒಂದು ಕ್ರಮವಿತ್ತು. ನನ್ನ ಪುಸ್ತಕದ ಬಲಪುಟ ಅವರದು, ಎಡಪುಟ ನನ್ನದು. ಅವರದ್ದು ಪೆನ್ನಿನಲ್ಲಿ, ನನ್ನದು ಪೆನ್ಸಿಲಿನಲ್ಲಿ. ಎಡಪುಟದಲ್ಲಿ ಟಿಪ್ಪಣಿ ಬರೆಯಬೇಕೆಂದು ಶುರು ಮಾಡಿದ್ದು. ಆದರೆ ದಿನಕ್ಕೆ ಐದಾರು ಗಂಟೆ ಒಬ್ಬ ಕವಿಯ ಸಾಲುಗಳನ್ನು ಕೈಯಾರೆ ಬರೆಯುತ್ತಿದ್ದರೆ ಕೈ ಸುಮ್ಮನಿರುವುದಿಲ್ಲ. ಅವರ ಉಸಿರು ಎಲ್ಲಿ ನಿಲ್ಲುತ್ತದೆ, ಯಾವ ಪದವನ್ನು ಮುಂದಿನ ಸಾಲಿಗೆ ತಳ್ಳುತ್ತಾರೆ ಎಂಬುದು ಬೆರಳಿಗೆ ತಿಳಿದುಬಿಟ್ಟಿತು. ಎಡಪುಟದಲ್ಲಿ ಟಿಪ್ಪಣಿಯ ಜೊತೆ ಪದ್ಯಗಳೂ ಬರತೊಡಗಿದವು. ಬಂದರೆ ಬರಲಿ, ಪೆನ್ಸಿಲ್ ಅಲ್ಲವೇ ಎಂದುಕೊಂಡೆ.

ಮೇ ಕೊನೆಯ ಒಂದು ಮಧ್ಯಾಹ್ನ ಐದನೆಯ ನೋಟ್‌ಪುಸ್ತಕದಲ್ಲಿ ಈ ಪದ್ಯ ಸಿಕ್ಕಿತು:

ನಂಬರು ಬರೆದ ಬಾಗಿಲು, ನಂಬರು ಬರೆದ ಫ್ಯಾನು,
ನಂಬರು ಬರೆದ ಕುರ್ಚಿಯ ಮೇಲೆ
ನಂಬರಿಲ್ಲದ ನಾನು.
ಕಿಟಕಿಯಾಚೆ ಬೇವು ಉದುರಿಸುತ್ತಿದೆ
ಮಂಜೂರಾಗದ ಅರ್ಜಿಗಳ ಹಾಗೆ ಎಲೆ.
ಒಳಗೆ ಮಗು

ಅಷ್ಟೇ. ಅಲ್ಲಿಗೆ ನಿಂತಿತ್ತು. ಉಳಿದ ಪುಟ ಖಾಲಿ. ನಕಲು ಮಾಡಿ ಮುಗಿಸಿದ ಮೇಲೂ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಒಳಗೆ ಮಗು ಏನು ಮಾಡುತ್ತಿದೆ? ಹೇಗೆ ಮುಗಿಸಬಹುದಿತ್ತು? ಪೆನ್ಸಿಲಿಗೆ ಕೈ ಹಾಕಿದೆ, ಮೊನೆ ಮುರಿದಿತ್ತು. ಕೈಯಲ್ಲಿದ್ದ ಪೆನ್ನಿನಿಂದಲೇ ಎಡಪುಟದಲ್ಲಿ ಬರೆದೆ:

ನಿದ್ದೆಯಲ್ಲಿ ನನ್ನ ಬೆರಳು ಹಿಡಿದಿದೆ.
ಬಿಡಿಸಿಕೊಳ್ಳಲು ಮನಸ್ಸಿಲ್ಲ.
ಈ ಮನೆಯಲ್ಲಿ ಸರಕಾರದ್ದಲ್ಲದ್ದು
ಇದೊಂದೇ.

ಬರೆದು, ಪರವಾಗಿಲ್ಲವೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು, ಪುಟ ತಿರುಗಿಸಿದೆ.

ಮೂರು ವಾರ ಕಳೆದ ಮೇಲೆ ಹಾಸ್ಟೆಲಿನಲ್ಲಿ ಕೂತು ಎಲ್ಲವನ್ನೂ ಟೈಪು ಮಾಡಿದೆ. ಪ್ರಬಂಧ ಒಪ್ಪಿಸಲು ಜುಲೈ ಕೊನೆಯ ದಿನ ಗಡುವು. ತಲೆ ಓಡುತ್ತಿರಲಿಲ್ಲ, ಬೆರಳು ಮಾತ್ರ ಓಡುತ್ತಿತ್ತು. ಪೆನ್ನಿನಲ್ಲಿದ್ದದ್ದೆಲ್ಲ ಹಾಲ್ಕೆರೆಯವರದ್ದು ಎಂಬ ನನ್ನದೇ ನಿಯಮದಂತೆ ಆ ನಾಲ್ಕು ಸಾಲೂ ಪದ್ಯದ ಬಾಲಕ್ಕೆ ಸೇರಿಕೊಂಡವು. ಪದ್ಯ ಪೂರ್ತಿಯಾಯಿತು. ನಾನದನ್ನು ನಂಬಿದೆ. ಅಷ್ಟೇ ಅಲ್ಲ, ಅದರ ಸುತ್ತ ಹನ್ನೊಂದು ಪುಟ ಬರೆದೆ. ನವ್ಯರ ಅನಾಥಪ್ರಜ್ಞೆಯನ್ನು ದಾಟಿ ಈ ಕವಿ ವಾತ್ಸಲ್ಯಕ್ಕೆ ಬಂದು ತಲುಪಿದ, ಆದ್ದರಿಂದಲೇ ಆಮೇಲೆ ಅಚ್ಚು ಹಾಕಿಸಬೇಕಾದ ಹಂಗು ಅವನಿಗೆ ಉಳಿಯಲಿಲ್ಲ ಎಂಬುದು ನನ್ನ ವಾದ. ಅಧ್ಯಾಯದ ನಡುಗಂಬವೇ ಅದು.

ಹೊನ್ನಪ್ಪ ಸರ್ ಓದಿ ಕರೆದರು. ಅವರ ಕೋಣೆಯಲ್ಲಿ ಎಂದೂ ಸಿಗದ ಕುರ್ಚಿ ಅಂದು ಸಿಕ್ಕಿತು. "ಏನಮ್ಮ ಇದು! 'ಸರಕಾರದ್ದಲ್ಲದ್ದು ಇದೊಂದೇ.' ಇಡೀ ಹಾಲ್ಕೆರೆಯಲ್ಲಿ ಈ ನಾಲ್ಕು ಸಾಲಿಗೆ ಸಮ ಇನ್ನೊಂದಿಲ್ಲ. ಇದನ್ನ ಹುಡುಕಿ ತೆಗೆದೆಯಲ್ಲ, ಇದಪ್ಪ ಸಂಶೋಧನೆ. ಆ ಪುಟದ ಒಂದು ಫೋಟೋ ಮಾತ್ರ ಅನುಬಂಧಕ್ಕೆ ಬೇಕು. ಅವರನ್ನ ಒಪ್ಪಿಸು." ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತ ಹೊರಗೆ ಬಂದೆ.

ಆ ಶನಿವಾರವೇ ಆಂಟಿಗೆ ಓದಿ ಹೇಳುವ ದಿನ. ಅವರು ಸ್ನಾನ ಮಾಡಿ, ಗಂಜಿ ಹಾಕಿದ ಸೀರೆ ಉಟ್ಟು, ಪರೀಕ್ಷೆಗೆ ಬಂದವರಂತೆ ಎದುರು ಕೂತಿದ್ದರು. ಒಂದೊಂದೇ ಓದಿದೆ. ಕಷ್ಟದ ಪದಗಳಿಗೆ ಹಿಂದಿಯಲ್ಲಿ ಅರ್ಥ ಹೇಳಿದೆ. ಬಹಳಷ್ಟು ಅವರಿಗೆ ಹಿಡಿಸಿದಂತೆ ಕಾಣಲಿಲ್ಲ. "ಅಚ್ಛಾ," "ಅಚ್ಛಾ," ಎನ್ನುತ್ತಿದ್ದರು. ಈ ಪದ್ಯ ಬಂತು. ಓದಿ ಮುಗಿಸಿ ತಲೆಯೆತ್ತಿದರೆ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ಆ ಮಗು ನಾನೇ ನಾ?" ಎಂದರು.

"ನೀವೇ ಇರಬೇಕು ಆಂಟಿ. ಅವರಿಗೆ ನೀವೊಬ್ಬರೇ ಮಗಳು."

"ಒಂದು ದಿನ ತಲೆ ಸವರಿದವರಲ್ಲ. ಇಷ್ಟು ಪ್ಯಾರ್ ಇತ್ತಾ? ಹೇಳಲಿಲ್ಲ ನೋಡು."

ಅವರು ಅತ್ತರು. ನಾನೂ ಅತ್ತೆ. ಆಮೇಲೆ ಅವರೇ ಒಂದು ಹಾಳೆ ತಂದು, ನನ್ನಿಂದ ಮತ್ತೆ ಮತ್ತೆ ಹೇಳಿಸಿ, ಇಡೀ ಪದ್ಯವನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡರು. ಕಿದ್ವಾಯಿ ನಗರದ ಸಮುದಾಯ ಭವನದಲ್ಲಿ ಕನ್ನಡದವರು ತಿಂಗಳಿಗೊಮ್ಮೆ ಸೇರುವ ಓದಿನ ಕೂಟವೊಂದಿತ್ತು. ಜುಲೈ ಕೂಟದಲ್ಲಿ ಹೊನ್ನಪ್ಪ ಸರ್ ಹಾಲ್ಕೆರೆಯವರ ಬಗ್ಗೆ ಮಾತಾಡುವುದೆಂದು ನಿಶ್ಚಯವಾಗಿತ್ತು. "ಅಲ್ಲಿ ಇದನ್ನ ನಾನೇ ಓದ್ತೀನಿ," ಎಂದರು ಆಂಟಿ. ಫೋಟೋಗೂ ಒಪ್ಪಿದರು. ಮುಂದಿನ ವಾರ ಬಾ, ಪೆಟ್ಟಿಗೆ ತೆಗೆದಿಟ್ಟಿರುತ್ತೇನೆ ಎಂದರು.

ಮುಂದಿನ ವಾರ ಹೋದೆ. ಹೊರಗೆ ಮಳೆ ಬರುವಂತೆ ಮಾಡಿ ಬಾರದೆ ಬೆವರಿಳಿಸುತ್ತಿತ್ತು. ಕೂಲರಿನ ಎದುರು ಕೂತು ಐದನೆಯ ನೋಟ್‌ಪುಸ್ತಕ ತೆರೆದು, ಫೋನು ಹಿಡಿದು, ಆ ಪದ್ಯದ ಪುಟಕ್ಕೆ ಬಂದೆ.

"ಒಳಗೆ ಮಗು." ಅದರ ಕೆಳಗೆ ಏನೂ ಇರಲಿಲ್ಲ.

ಮೊದಲು ಪುಟ ತಪ್ಪಿರಬೇಕು ಎಂದುಕೊಂಡೆ. ಹಿಂದೆ ಮುಂದೆ ತಿರುಗಿಸಿದೆ. ಆಮೇಲೆ ಚೀಲದಿಂದ ನನ್ನ ಪುಸ್ತಕ ತೆಗೆದು ನೋಡಿದೆ. ಎಡಪುಟ, ನೀಲಿ ಪೆನ್ನು, ನನ್ನ ಅಕ್ಷರ. ಮುರಿದ ಪೆನ್ಸಿಲ್ ನೆನಪಾಯಿತು. ಕಾಲ ಕೆಳಗಿನ ನೆಲ ಕುಸಿಯುವುದು ಎಂದು ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅಂದಿನಿಂದ ನಗುವುದನ್ನು ಬಿಟ್ಟಿದ್ದೇನೆ.

ಆಂಟಿ ಹಿಂದೆ ಬಂದು ನಿಂತಿದ್ದು ನನಗೆ ತಿಳಿಯಲಿಲ್ಲ. "ಇದೇನಾ? ನಾನೆಲ್ಲಿದ್ದೀನಿ, ಬೆರಳಿಟ್ಟು ತೋರಿಸು ಬೇಟಾ."

'ಮಗು' ಎಂಬಲ್ಲಿ ಬೆರಳಿಟ್ಟೆ. ಅದಾದರೂ ನಿಜವಾಗಿತ್ತು. ಅವರು ಬಗ್ಗಿ ಆ ಎರಡು ಅಕ್ಷರಗಳ ಮೇಲೆ ತಮ್ಮ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. "ಆಮೇಲಿಂದು? ಬೆರಳು ಹಿಡಿದಿದ್ದು?"

"ಮುಂದಿನ ಪುಟದಲ್ಲಿದೆ ಆಂಟಿ," ಎಂದೆ. ಪುಟ ತಿರುಗಿಸಿ, ಯಾವುದೋ ಬೇರೆ ಪದ್ಯದ ನಾಲ್ಕು ಸಾಲು ತೋರಿಸಿದೆ. ಅವರು ಅದನ್ನೂ ಸವರಿದರು. ಕನ್ನಡ ಓದಲು ಬಾರದ ಹೆಂಗಸಿಗೆ ಅಕ್ಷರ ತೋರಿಸಿ ಮೋಸ ಮಾಡುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಆಮೇಲಿನ ಐದಾರು ದಿನ ನಾನು ನಾನಾಗಿರಲಿಲ್ಲ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಸುಮ್ಮನಿದ್ದರೆ ಪ್ರಬಂಧ ಪಾಸಾಗುತ್ತದೆ, ಪದವಿ ಬರುತ್ತದೆ, ಆಂಟಿಗೆ ಪ್ರೀತಿಯ ಅಪ್ಪ ಉಳಿಯುತ್ತಾನೆ. ಫೋಟೋ ಮಸುಕಾಗಿದೆ, ಹಾಳೆ ಹರಿದಿದೆ ಎಂದು ಏನಾದರೂ ಹೇಳಬಹುದು. ನೋಟ್‌ಪುಸ್ತಕ ಓದಬಲ್ಲವಳು ನಾನೊಬ್ಬಳೇ. ಹೇಳಿದರೆ ಎಲ್ಲವೂ ಹೋಗುತ್ತದೆ. ಇದಕ್ಕಿಂತ ನಾಚಿಕೆಗೇಡಿನ ಇನ್ನೊಂದು ಮಾತಿದೆ, ಅದನ್ನೂ ಹೇಳಿಬಿಡುತ್ತೇನೆ. ಒಳಗೊಳಗೇ ನನಗೆ ಖುಷಿಯೂ ಆಗಿತ್ತು. ನನ್ನ ಪದ್ಯಗಳನ್ನು ಮೂಸಿಯೂ ನೋಡದ ಹೊನ್ನಪ್ಪ ಸರ್ ಈ ನಾಲ್ಕು ಸಾಲನ್ನು ತಲೆಯ ಮೇಲೆ ಹೊತ್ತಿದ್ದರು. ಅದು ನನ್ನದು ಎಂದು ಕೂಗಿ ಹೇಳಬೇಕೆನಿಸುತ್ತಿತ್ತು, ಕೂಗಿದರೆ ನಾನೇ ಮುಳುಗುತ್ತಿದ್ದೆ.

ಇದರ ನಡುವೆ ದಿನಾ ಸಂಜೆ ಆಂಟಿಯ ಫೋನು. ಪದ್ಯ ಒಪ್ಪಿಸುತ್ತಿದ್ದರು. 'ಸರಕಾರದ್ದಲ್ಲದ್ದು' ಎಂಬಲ್ಲಿ ಅವರ ನಾಲಿಗೆ ಪ್ರತಿ ಸಲ ಎಡವುತ್ತಿತ್ತು. "ಅಪ್ಪ ಇಷ್ಟು ಮುಶ್ಕಿಲ್ ಶಬ್ದ ಯಾಕೆ ಹಾಕಿದ್ರು?" ಎಂದು ನಗುತ್ತಿದ್ದರು. ನಾಲ್ಕನೆಯ ಸಂಜೆಯೋ ಐದನೆಯ ಸಂಜೆಯೋ ಎಡವದೆ ಹೇಳಿ ಮುಗಿಸಿದರು. "ಸರಿ ಬಂತಾ?" ಎಂದು ಕೇಳಿದರು. ನಾನು ಸಿಗ್ನಲ್ ಇಲ್ಲ ಎಂಬಂತೆ ಹಲೋ ಹಲೋ ಎಂದು ಫೋನಿಟ್ಟೆ.

ಮರುದಿನ ಬೆಳಿಗ್ಗೆ ಹೊನ್ನಪ್ಪ ಸರ್ ಕೋಣೆಗೆ ಹೋಗಿ, ಕೂರದೆ, ನಿಂತುಕೊಂಡೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮರೆತೆಯೋ, ಮರೆತ ಹಾಗೆ ಮಾಡಿದೆಯೋ?"

"ಟೈಪು ಮಾಡುವಾಗ ನಿಜವಾಗ್ಲೂ ಮರೆತಿದ್ದೆ ಸರ್. ಆದರೆ ಎಲ್ಲೋ ಒಂದು ಕಡೆ ಗೊತ್ತಿತ್ತೇನೋ ಅಂತ ಈಗ ಅನುಮಾನ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಅಧ್ಯಾಯ ತೆಗೆದು, ಹನ್ನೊಂದು ಪುಟಗಳ ಮೇಲೂ ಒಂದೊಂದಾಗಿ ಅಡ್ಡಗೀಟು ಎಳೆದರು. "ಇದು ಈ ಗಡುವಿಗೆ ಆಗಲ್ಲ. ಅಧ್ಯಾಯ ಹೊಸದಾಗಿ ಬರೀಬೇಕು. ಪ್ರತಿಯೊಂದು ಪುಟಾನೂ ಮೂಲದ ಜೊತೆ ಮತ್ತೆ ತಾಳೆ ನೋಡಬೇಕು. ಆರು ತಿಂಗಳೋ, ವರ್ಷವೋ." ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದರು. "ಸಾಲು ಚೆನ್ನಾಗಿವೆ. ಅದೇ ದೊಡ್ಡ ತೊಂದರೆ. ಅವರಿಗೆ ನೀನೇ ಹೇಳಬೇಕು. ನಾನು ಬರಲ್ಲ."

ಕೂಟಕ್ಕೆ ಎರಡು ದಿನವಿತ್ತು. ಆಂಟಿಯ ಮನೆಯಲ್ಲಿ ಅರ್ಧ ಸಾಮಾನು ರಟ್ಟಿನ ಡಬ್ಬಿ ಸೇರಿತ್ತು. ಅವರು ನೆಲದ ಮೇಲೆ ಕೂತು ಸ್ಟೀಲ್ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ನಾನೂ ಎದುರು ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, "ಆಂಟಿ, ಕೊನೆ ನಾಲ್ಕು ಸಾಲು ನಿಮ್ಮಪ್ಪ ಬರೆದದ್ದಲ್ಲ. ನಾನು ಬರೆದದ್ದು," ಎಂದುಬಿಟ್ಟೆ. ಪೆನ್ನು, ಪೆನ್ಸಿಲು, ಎಡಪುಟ, ಬಲಪುಟ ಎಲ್ಲ ಹೇಳಿದೆ. ಅವರು ಒಂದು ಲೋಟ ಸುತ್ತಿದರು, ಇನ್ನೊಂದು ತೆಗೆದುಕೊಂಡರು.

"ಮುಂದಿನ ಪುಟದಲ್ಲಿದೆ ಅಂದೆ ನೀನು."

"ಸುಳ್ಳು ಹೇಳಿದೆ ಆಂಟಿ."

"ನಾನು ಮುಟ್ಟಿದ್ದು ಏನು ಹಾಗಾದ್ರೆ?"

"ಬೇರೆ ಪದ್ಯ. ಯಾವುದೋ ಬಸ್‌ ಸ್ಟಾಪಿನ ಬಗ್ಗೆ."

ಅವರ ಕೈ ನಿಂತಿತು. ಮುಖ ಸಣ್ಣದಾಯಿತು. "ನಾನು ಅತ್ತೆ ಅಂತ ನನಗೋಸ್ಕರ ಸುಳ್ಳು ಹೇಳಿದೆಯಾ? ನನ್ನ ನೋಡಿ ಪಾಪ ಅನ್ಸಿ ಬರೆದೆಯಾ ಆ ಲೈನು?"

ಹೌದು ಎಂದಿದ್ದರೆ ಸ್ವಲ್ಪವಾದರೂ ಮರ್ಯಾದೆ ಉಳಿಯುತ್ತಿತ್ತೇನೋ. ಆದರೆ ಮತ್ತೊಂದು ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ ಆಂಟಿ. ಬರೆಯುವಾಗ ನೀವು ನನ್ನ ತಲೆಯಲ್ಲೇ ಇರಲಿಲ್ಲ. ಪದ್ಯ ಹೇಗೆ ಮುಗಿದರೆ ಚೆಂದ ಅನ್ನೋದಷ್ಟೇ ಇತ್ತು. ಸುಳ್ಳು ಹೇಳಿದ್ದೂ ನನಗೋಸ್ಕರವೇ."

"ಅಪ್ಪ ಬರೆದದ್ದು ಎಲ್ಲಿಗೆ ನಿಲ್ಲುತ್ತೆ?"

"'ಒಳಗೆ ಮಗು' ಅನ್ನೋವಲ್ಲಿಗೆ."

"ಮಗು ಏನು?"

"ಏನೂ ಇಲ್ಲ ಆಂಟಿ. ಅಷ್ಟೇ."

ಅವರು ಕೈಯಲ್ಲಿದ್ದ ಲೋಟವನ್ನು ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಇಟ್ಟರು. ಆಮೇಲೆ ತಲೆಯೆತ್ತದೆ, "ಅಭೀ ಜಾ ಬೇಟಾ. ನೀನು ಈಗ ಹೋಗು," ಎಂದರು. ಹೋದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಆರ್.ಕೆ.ಪುರಂ ದಾಟುವವರೆಗೂ ಅತ್ತೆ. ಆ ಸಂಜೆ ಫೋನು ಬರಲಿಲ್ಲ. ಮರುದಿನ ಅಧ್ಯಾಯವನ್ನು ಮೊದಲಿನಿಂದ ಶುರು ಮಾಡಿದೆ. ನಾಲ್ಕು ಸಾಲನ್ನು ತೆಗೆದು, ಪದ್ಯದ ಕೆಳಗೆ 'ಅಪೂರ್ಣ' ಎಂದು ಅಡಿಟಿಪ್ಪಣಿ ಹಾಕಿದೆ.

ಭಾನುವಾರ ಬೆಳಿಗ್ಗೆ ಕಿದ್ವಾಯಿ ನಗರದ ಭವನದಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಉಪ್ಪಿಟ್ಟು, ಕಾಫಿ ಆಯಿತು. ನಾನು ಕೊನೆಯ ಸಾಲಿನಲ್ಲಿ ಕಂಬದ ಪಕ್ಕ ಕೂತೆ. ಆಂಟಿ ಬಂದರು, ಗಂಜಿ ಹಾಕಿದ ಅದೇ ಸೀರೆ. ನನ್ನ ಕಡೆ ನೋಡಲಿಲ್ಲ. ಹೊನ್ನಪ್ಪ ಸರ್ ಅರ್ಧ ಗಂಟೆ ಮಾತಾಡಿದರು, ನಾಲ್ಕು ಸಾಲಿನ ಸುದ್ದಿ ಎತ್ತಲಿಲ್ಲ. ಆಮೇಲೆ ಕವಿಯ ಮಗಳು ಒಂದು ಪದ್ಯ ಓದುತ್ತಾರೆ ಎಂದು ಕರೆದರು.

ಅವರ ಕೈಯಲ್ಲಿ ಅದೇ ಹಾಳೆ ಇತ್ತು. ಅದರಲ್ಲಿ ಹತ್ತು ಸಾಲೂ ಇದ್ದವು. ಹೊಡೆದುಹಾಕಿದ್ದಾರೋ ಇಲ್ಲವೋ ನನಗೆ ತಿಳಿಯದು. ಅವರು ಪೂರ್ತಿ ಓದಿಬಿಟ್ಟರೆ? ನನ್ನ ಸಾಲುಗಳು ಅವರ ಅಪ್ಪನ ಹೆಸರಿನಲ್ಲಿ ಅಷ್ಟು ಜನರ ಕಿವಿಗೆ ಬಿದ್ದರೆ ನಾನು ಎದ್ದು ನಿಂತು ಹೇಳಬೇಕೋ ಬೇಡವೋ? ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಆಂಟಿ ಓದಿದರು. ನಂಬರು ಬರೆದ ಬಾಗಿಲು, ಫ್ಯಾನು, ಕುರ್ಚಿ. ಕುರ್ಚಿ ಎನ್ನುವಾಗ ಖುರ್ಚಿ ಎಂದರು, ಯಾರೂ ನಗಲಿಲ್ಲ. ಬೇವು ಬಂತು, ಎಲೆ ಬಂತು. "ಒಳಗೆ ಮಗು," ಎಂದರು. ನಿಲ್ಲಿಸಿದರು.

ಸಭೆ ಕಾಯಿತು. ಮುಂದಿನ ಸಾಲು ಬರಲಿಲ್ಲ. ಮರೆತರೇನೋ ಎಂದುಕೊಂಡು ಯಾರೋ ಸಮಾಧಾನಕ್ಕೆ ಚಪ್ಪಾಳೆ ಶುರು ಮಾಡಿದರು. ಆಂಟಿ ಕೈಯೆತ್ತಿ ತಡೆದರು.

"ರುಕಿಯೇ, ರುಕಿಯೇ. ಅಪ್ಪ ಇಲ್ಲಿಗೇ ಬಿಟ್ಟಿದ್ದಾರೆ. ಯಾಕೆ ಬಿಟ್ಟರು ಅಂತ ಎರಡು ದಿನದಿಂದ ಯೋಚನೆ ಮಾಡಿದೆ. ಓದಿದೋರು ಬೇರೆ ಹೇಳಬಹುದು. ನನಗೆ ಅನ್ಸೋದು, ಒಳಗೆ ನಾನು ಅತ್ತಿರಬೇಕು. ಅಪ್ಪ ಪೆನ್ ಕೆಳಗಿಟ್ಟು, ಎದ್ದು, ನನ್ನ ಹತ್ತಿರ ಬಂದಿರಬೇಕು. ಆಮೇಲೆ ವಾಪಸ್ ಹೋಗಿ ಬರೆಯೋದು ಮರೆತೇ ಹೋಗಿರಬೇಕು. ಬಸ್, ಇಷ್ಟೇ."

ಹಾಳೆಯನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡು ಹೋಗಿ ಕೂತರು. ಹೊನ್ನಪ್ಪ ಸರ್ ತಲೆ ತಗ್ಗಿಸಿದ್ದರು. ನನ್ನ ಕೈ ಕುರ್ಚಿಯ ಅಂಚಿನಲ್ಲೇ ಇತ್ತು. ಅಷ್ಟು ತಿಂಗಳು ಆ ಕವಿಯ ಉಸಿರು ನನಗೆ ಗೊತ್ತು ಎಂದು ಬೀಗಿದ್ದ ನನಗೆ ಇದೊಂದು ಹೊಳೆದಿರಲಿಲ್ಲ.

ಹಾಸ್ಟೆಲಿಗೆ ಬಂದು 'ಅಪೂರ್ಣ' ಎಂಬ ಅಡಿಟಿಪ್ಪಣಿಯನ್ನು ತೆಗೆದುಹಾಕಿದೆ. ಆಂಟಿ ಹೇಳಿದ್ದನ್ನು ಅದರ ಜಾಗದಲ್ಲಿ ಬರೆಯೋಣವೆಂದರೆ ಪುರಾವೆ ಇಲ್ಲ. ನನ್ನ ಪ್ರಬಂಧದಲ್ಲಿ ಆ ಪದ್ಯ ಇವತ್ತಿಗೂ 'ಒಳಗೆ ಮಗು' ಎಂಬಲ್ಲಿಗೆ ನಿಲ್ಲುತ್ತದೆ. ಅದರ ಕೆಳಗೆ ನಾನು ಏನನ್ನೂ ಬರೆದಿಲ್ಲ.